ಕ್ಲಚ್ ಹಿಡಿದ್ರೂ ಮುಂದಕ್ಕೆ ಎಳೆಯೋ ಹಳೇ ಟೂ ಸ್ಟ್ರೋಕ್: ಪ್ಲೇಟ್ ತರೋಕೆ ಹೋಗೋ ಮುಂಚೆ ನಾನು ನೋಡಿದ್ದು

ಕ್ಲಚ್ ಪೂರ್ತಿ ಹಿಡಿದು ಫಸ್ಟ್ ಹಾಕಿದ್ರೆ ಟಣ್ ಅಂತ ಸೌಂಡು, ಬೈಕ್ ಒಂದು ಅಡಿ ಮುಂದಕ್ಕೆ ಹಾರಿ ಆಫ್. ಹೆಂಗೋ ಆಫ್ ಆಗದೆ ಉಳಿದ್ರೆ, ಲಿವರ್ ಹ್ಯಾಂಡಲ್‌ಗೆ ಅಂಟೋ ಹಾಗೆ ಹಿಡ್ಕೊಂಡಿದ್ರೂ ತೆವಳ್ತಾನೇ ಇರುತ್ತೆ, ಬ್ರೇಕ್ ಮೇಲಿಂದ ಕಾಲು ತೆಗೆಯೋ ಹಾಗಿಲ್ಲ. ಇಂಜಿನ್ ಓಡ್ತಿದ್ದಾಗ ನ್ಯೂಟ್ರಲ್ ಹುಡುಕಿ ಹುಡುಕಿ ಸಾಕಾಗಿ ಆಫ್ ಮಾಡಿದ್ರೆ ಆ ಕ್ಷಣಕ್ಕೇ ಸಿಗುತ್ತೆ. ನನ್ನ ಹತ್ರ ಇರೋದು ತೊಂಬತ್ತರ ದಶಕದ ಜಪಾನ್ 125, ಮೋಟೋಕ್ರಾಸ್ ಬೈಕು, ಮೂರನೇ ಕೈಯಿಂದ ಬಂದಿದ್ದು. ಹೊಸಕೋಟೆ ಕಡೆ ಒಂದು ಖಾಲಿ ಜಮೀನಲ್ಲಿ ನಾವೊಂದಿಷ್ಟು ಜನ ಓಡಿಸ್ತೀವಿ, ಅಲ್ಲಿ ಸ್ಟಾರ್ಟಿಂಗ್‌ನಲ್ಲಿ ಎಲ್ರೂ ಸಾಲಾಗಿ ನಿಂತಿರ್ಬೇಕಾದ್ರೆ ನಂದು ಮಾತ್ರ ಮುಂದಕ್ಕೆ ಜಾರ್ತಾ ಇರೋದು.

ಏರಿಯಾದ ಮೆಕ್ಯಾನಿಕ್ಕುಗಳಿಗೆ ತೋರಿಸಿದ್ರೆ ಒಂದೇ ಉತ್ತರ, "ಪ್ಲೇಟ್ ಹೋಗಿದೆ ಸಾರ್, ಸೆಟ್ ತಂದುಬಿಡಿ, ಹಾಕೊಡ್ತೀನಿ." ಆರ್‌ಎಕ್ಸ್ 100ನ ಕಣ್ಮುಚ್ಚಿ ಬಿಚ್ಚಿ ಜೋಡಿಸೋರು ನಮ್ಮೂರಲ್ಲಿ ಬೀದಿಗೊಬ್ಬರು ಇದ್ದಾರೆ, ಅವರ ಕೈ ಬಗ್ಗೆ ನಂಗೆ ಗೌರವ ಇದೆ, ಆದ್ರೆ ಪ್ಲೇಟ್ ಸವೆದು ಹೋದ್ರೆ ಆಗೋದು ಸ್ಲಿಪ್ಪು, ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಕೂಗುತ್ತೆ ಬೈಕ್ ಓಡಲ್ಲ. ನಂದು ಅದಕ್ಕೆ ಪೂರಾ ಉಲ್ಟಾ, ಪವರ್ ಚಕ್ರಕ್ಕೆ ಸರಿಯಾಗೇ ಹೋಗ್ತಿದೆ, ಬಿಡು ಅಂದಾಗ ಬಿಡ್ತಿಲ್ಲ ಅಷ್ಟೇ. ಸವೆದ ಪ್ಲೇಟು ಇನ್ನೂ ತೆಳ್ಳಗಾಗಿರುತ್ತೆ, ಬಿಡೋಕೆ ಅದಕ್ಕೇನು ಕಷ್ಟ?

ನಾನು ಇಡೀ ಕೆಲಸಾನ ಎರಡು ಭಾಗ ಮಾಡ್ಕೊಂಡೆ. ಒಂದು, ಕೈಯಲ್ಲಿ ಎಳೆದಿದ್ದು ಒಳಗಿರೋ ಪ್ರೆಶರ್ ಪ್ಲೇಟ್‌ವರೆಗೂ ಸರಿಯಾಗಿ ತಲುಪ್ತಿದ್ಯಾ, ಅಂದ್ರೆ ಸ್ಪ್ರಿಂಗ್ ಬಲದಲ್ಲಿ ಉಳಿದ ಪ್ಲೇಟುಗಳನ್ನ ಒತ್ತಿ ಹಿಡಿಯೋ ಆ ಪ್ಲೇಟು ಎದ್ದೇಳ್ತಿದ್ಯಾ. ಎರಡು, ಪ್ರೆಶರ್ ಪ್ಲೇಟ್ ಎದ್ದ ಮೇಲೂ ಒಳಗಿನ ಪ್ಲೇಟ್‌ಗಳು ಯಾಕೆ ಬಿಡ್ತಿಲ್ಲ. ಮೊದಲನೇದನ್ನ ಅಳೆಯದೆ ಎರಡನೇದಕ್ಕೆ ದುಡ್ಡು ಸುರಿಯೋದು ನಂಗೆ ಇಷ್ಟ ಇಲ್ಲ, ಅದೂ ಈ ಬೈಕಿನ ಪಾರ್ಟ್ಸ್ ಬೆಂಗಳೂರಿನ ಜೆಸಿ ರೋಡಲ್ಲಿ ಹತ್ತು ಅಂಗಡಿ ಹತ್ತಿ ಇಳಿದ್ರೂ ಸಿಗಲ್ಲ, ಹೊರದೇಶದಿಂದ ತರಿಸ್ಬೇಕು, ಬೆಲೆ ಮೇಲೆ ಕಸ್ಟಮ್ಸ್ ಬೇರೆ.

ಅಳೆಯೋದು ಸುಲಭ. ಪೆಟ್ರೋಲ್ ಕಾಕ್ ಆಫ್ ಮಾಡಿ ಬೈಕನ್ನ ಎಡಕ್ಕೆ ಗೋಣಿಚೀಲದ ಮೇಲೆ ಮಲಗಿಸಿಬಿಟ್ರೆ ಬಲಗಡೆ ಇರೋ ಕ್ಲಚ್ ಕವರ್ ಮೇಲಕ್ಕೆ ಬರುತ್ತೆ, ಆಯಿಲ್ ಡ್ರೈನ್ ಮಾಡ್ದೇನೇ ಬಿಚ್ಚಬಹುದು. ಡಯಲ್ ಗೇಜ್ ಇಡೋಣ ಅಂದ್ಕೊಂಡ್ರೆ ಅದರ ಮ್ಯಾಗ್ನೆಟ್ ಬೇಸ್ ಅಲ್ಯೂಮಿನಿಯಂ ಕೇಸಿಗೆ ಹಿಡಿಯಲ್ಲ, ಸೊ ಕವರ್ ಕೂರೋ ಅಂಚಿನ ಮೇಲೆ ಅಡ್ಡಕ್ಕೆ ಒಂದು ಸ್ಟೀಲ್ ಸ್ಕೇಲ್ ಇಟ್ಟು, ಸ್ಕೇಲಿಂದ ಪ್ರೆಶರ್ ಪ್ಲೇಟ್‌ವರೆಗೆ ವರ್ನಿಯರ್ ಕ್ಯಾಲಿಪರ್ ಹಿಂದೆ ಹೊರಬರೋ ಕಡ್ಡಿಯಲ್ಲಿ ಆಳ ನೋಡ್ದೆ. ಒಂದು ಸಲ ಲಿವರ್ ಬಿಟ್ಟು, ಇನ್ನೊಂದು ಸಲ ಲಿವರನ್ನ ಹಳೇ ಟ್ಯೂಬ್ ಕತ್ತರಿಸಿದ ರಬ್ಬರಲ್ಲಿ ಹ್ಯಾಂಡಲ್‌ಗೆ ಬಿಗಿದು. ಎರಡರ ವ್ಯತ್ಯಾಸಾನೇ ಲಿಫ್ಟು, ಅಂದ್ರೆ ಪ್ರೆಶರ್ ಪ್ಲೇಟ್ ಎಷ್ಟು ಎದ್ದಿದೆ ಅನ್ನೋದು. ಎಲ್ಲಾ ಸ್ಪ್ರಿಂಗ್ ಬೋಲ್ಟ್ ಪಕ್ಕದಲ್ಲೂ ನೋಡ್ಬೇಕು, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಎದ್ರೆ ಸ್ಪ್ರಿಂಗು ಬೇರೆ ಬೇರೆ ಉದ್ದ ಇದೆ ಅಂತಲೋ, ಸೊಟ್ಟಗೆ ಕೂತಿದೆ ಅಂತಲೋ ಅರ್ಥ. ನಂದು ಎಲ್ಲಾ ಕಡೆ ಒಂದೇ ಸಮ ಇತ್ತು, ಆದ್ರೆ ಬಂದಿದ್ದು ಬರೀ 0.9 ಮಿಲಿಮೀಟರ್.

0.9 ಅಂದ್ರೆ ಏನು ಅಂತ ಲೆಕ್ಕ ಹಾಕಿ ನೋಡಿ. ನನ್ನ ಕ್ಲಚ್‌ನಲ್ಲಿ ಫ್ರಿಕ್ಷನ್ ಪ್ಲೇಟ್ 8, ಮಧ್ಯೆ ಮಧ್ಯೆ ಸ್ಟೀಲ್ ಪ್ಲೇಟ್ 7, ಎರಡು ತುದಿಗೆ ಹಬ್ಬು (ಸ್ಟೀಲ್ ಪ್ಲೇಟುಗಳು ಕೂರೋ ಒಳಗಿನ ಭಾಗ) ಮತ್ತೆ ಪ್ರೆಶರ್ ಪ್ಲೇಟು. ಒಂದಕ್ಕೊಂದು ತಾಗೋ ಜಾಗ ಒಟ್ಟು 16. 0.9ನ 16ಕ್ಕೆ ಹಂಚಿದ್ರೆ ಒಂದೊಂದಕ್ಕೆ 0.05 ಚಿಲ್ಲರೆ, ಹೆಚ್ಚು ಕಮ್ಮಿ ಒಂದು ತಲೆಕೂದಲು. ಅದೂ ಎಲ್ಲಾ ಪ್ಲೇಟು ಸಮನಾಗಿ ಬಿಡಿಸ್ಕೊಂಡ್ರೆ. ಒಂದೇ ಒಂದು ಸ್ಟೀಲ್ ಪ್ಲೇಟ್ 0.2 ಸೊಟ್ಟ ಇದ್ರೆ ಅದೊಂದೇ ಮೂರು ಜನರ ಪಾಲು ತಿಂದ್ಹಾಕುತ್ತೆ. ಈ ಲೆಕ್ಕ ತಲೆಗೆ ಹತ್ತಿದ ಮೇಲೆ ನಂಗೆ ಕ್ಲಚ್ ಡ್ರ್ಯಾಗ್ (ಹಿಡಿದ್ರೂ ಬಿಡದೆ ಎಳೆಯೋದು) ಅಂದ್ರೆ ಒಂದು ದೊಡ್ಡ ಕಾಯಿಲೆ ಅಂತ ಅನ್ಸೋದು ಬಿಟ್ಟೋಯ್ತು, ಅಲ್ಲಷ್ಟು ಇಲ್ಲಷ್ಟು ಅಂತ ಲಿಫ್ಟ್ ಕಳೆದುಹೋಗ್ತಿರೋದೇ ಸಮಸ್ಯೆ.

ಸರಿ, ಎಲ್ಲಿ ಕಳೆದುಹೋಗ್ತಿದೆ? ಲಿವರ್ ಹತ್ರ ಫ್ರೀ ಪ್ಲೇ, ಅಂದ್ರೆ ಕೇಬಲ್ ಬಿಗಿಯಾಗೋ ಮುಂಚಿನ ಸಡಿಲ, ಸರಿ ಇತ್ತು, ಬುಡದಲ್ಲಿ 2ರಿಂದ 3 ಮಿಲಿಮೀಟರ್. ಇಂಜಿನ್ ಹತ್ರ ಕೇಬಲ್ ಎಳೆಯೋ ಆರ್ಮ್ ಇರುತ್ತಲ್ಲ, ಅದರ ಪಕ್ಕ ಕೇಸಿನ ಮೇಲೆ ಕರೆಕ್ಷನ್ ಪೆನ್ನಲ್ಲಿ ಒಂದು ಬಿಳಿ ಗೆರೆ ಹಾಕ್ದೆ, ಲಿವರ್ ಎಳೆದು ಆರ್ಮ್ ಎಲ್ಲಿವರೆಗೆ ಬಂತೋ ಅಲ್ಲಿ ಇನ್ನೊಂದು. ಫ್ರೆಂಡ್ ಒಬ್ಬ ನಿಧಾನಕ್ಕೆ ಎಳೀತಾ ಇದ್ದ, ನಾನು ಟಾರ್ಚ್ ಹಿಡಿದು ಕೇಬಲ್ ಮೇಲೇ ಕಣ್ಣಿಟ್ಟಿದ್ದೆ. ಆರ್ಮ್ ಅಲ್ಲಾಡೋಕೆ ಮುಂಚೆ ಕೇಬಲ್ಲಿನ ಹೊರಗಿನ ಕವಚ ಟ್ಯಾಂಕ್ ಕೆಳಗೆ ಬಿಲ್ಲಿನ ಥರ ಬಾಗಿ, ಆಮೇಲೆ ಆರ್ಮ್ ಹೊರಡ್ತಿತ್ತು. ಹಳೇ ಓನರ್ ಯಾರೋ ಲೋಕಲ್‌ನಲ್ಲಿ ಉದ್ದ ನೋಡಿ ಮಾಡಿಸಿ ಹಾಕಿದ ಕೇಬಲ್ಲು, ಒಳಗಿನ ತಂತಿ ಗಟ್ಟಿ ಇತ್ತು, ಹೊರಗಿನ ಕವಚ ಮಾತ್ರ ಒತ್ತಡಕ್ಕೆ ಕುಗ್ಗೋದು, ಹಾಗಾಗಿ ಎಳೆದಿದ್ದರಲ್ಲಿ ಒಂದು ಪಾಲು ಅಲ್ಲೇ ಖರ್ಚು. ಕೇಬಲ್ ಹಾಳಾಗಿದೆ ಅಂದ್ರೆ ಎಲ್ರೂ ತಂತಿ ನೋಡ್ತಾರೆ, ಕವಚ ಯಾರೂ ನೋಡಲ್ಲ.

ಗಟ್ಟಿ ಕವಚದ ಕೇಬಲ್ ಹಾಕಿ, ಟ್ಯಾಂಕ್ ಕೆಳಗೆ ಚೂಪು ತಿರುವು ಬರದ ಹಾಗೆ ದಾರಿ ಬದಲಿಸಿ ಮತ್ತೆ ಅಳೆದ್ರೆ 1.3. ಹಂಗೇ ಆರ್ಮಿಂದ ಪ್ರೆಶರ್ ಪ್ಲೇಟನ್ನ ತಳ್ಳೋ ಪುಶ್ ರಾಡ್ ಕೂಡ ಎಳೆದು ನೋಡ್ದೆ. ಈ ಥರ ಇಂಜಿನ್‌ನಲ್ಲಿ ರಾಡು ಗೇರ್ ಶಾಫ್ಟಿನ ಒಳಗಿಂದ ಹಾದು ಬರುತ್ತೆ, ಎರಡು ತುಂಡು ರಾಡಿನ ಮಧ್ಯೆ ಒಂದು ಸ್ಟೀಲ್ ಗುಂಡು ಇರುತ್ತೆ. ಗುಂಡು ಬಿಚ್ಚುವಾಗ ಉರುಳಿ ಹೋಗಿ ಹಂಗೇ ಜೋಡಿಸಿರೋ ಬೈಕ್‌ಗಳನ್ನ ನೋಡಿದ್ದೀನಿ. ರಾಡಿನ ತುದಿ ಬಡಿದು ಬಡಿದು ಅಣಬೆ ಥರ ಹರಡಿಕೊಂಡಿದ್ರೂ, ಉದ್ದ ಕಮ್ಮಿಯಾಗಿ ಆರ್ಮಿನ ಕೋನ ಕೆಡುತ್ತೆ, ಅರ್ಧ ಎಳೆದಾಗ ಆರ್ಮು ಕೇಬಲ್‌ಗೆ ಹತ್ತಿರತ್ತಿರ 90 ಡಿಗ್ರಿಯಲ್ಲಿ ಇರ್ಬೇಕು. ನನ್ನದರಲ್ಲಿ ಇದೆಲ್ಲಾ ಸರಿ ಇತ್ತು, ಗ್ರೀಸ್ ಹಚ್ಚಿ ವಾಪಸ್ ಹಾಕ್ದೆ.

ಆಯಿಲ್ ವಿಷಯ. ಟೂ ಸ್ಟ್ರೋಕ್ ಅಂದ ತಕ್ಷಣ ಅಂಗಡಿಯವರು 2ಟಿ ಆಯಿಲ್ ಕೈಗೆ ಕೊಡ್ತಾರೆ, ಅದು ಪೆಟ್ರೋಲ್ ಜೊತೆ ಉರಿಯೋಕೆ, ಗೇರ್ ಬಾಕ್ಸಿಗಲ್ಲ. ಗೇರ್ ಆಯಿಲ್ ಅಂತ ಕೇಳಿದ್ರೆ 90 ನಂಬರ್ ಕೊಡ್ತಾರೆ, ನನ್ನ ಬೈಕಲ್ಲಿ ಇದ್ದಿದ್ದೂ ಅದೇ ಅಂತ ಕಾಣುತ್ತೆ, ಬೆರಳಿಗೆ ಹಚ್ಕೊಂಡ್ರೆ ಜೇನುತುಪ್ಪದಷ್ಟು ಮಂದ. ಕ್ಲಚ್ಚು ಗೇರ್ ಬಾಕ್ಸಿನ ಆಯಿಲ್ಲಲ್ಲೇ ಮುಳುಗಿ ತಿರುಗೋದು, ಆಯಿಲ್ ಮಂದ ಇದ್ರೆ ಪ್ಲೇಟುಗಳು ಒಂದಕ್ಕೊಂದು ಅಂಟ್ಕೊಂಡು ಬಿಡಲ್ಲ, ಅದರಲ್ಲೂ ಇಂಜಿನ್ ತಣ್ಣಗಿದ್ದಾಗ. ನಾನು ಹಾಕಿದ್ದು ಜಾಸೊ ಎಂಎ ಅಂತ ಡಬ್ಬಿ ಮೇಲೆ ಬರೆದಿರೋ 10ಡಬ್ಲ್ಯು-40, ಸಾಮಾನ್ಯ ಬೈಕ್ ಆಯಿಲ್ಲೇ, ಅಂದ್ರೆ ಆಯಿಲ್ಲಲ್ಲಿ ಮುಳುಗೋ ಕ್ಲಚ್ಚಿಗೆ ಸರಿಹೋಗೋ ಗ್ರೇಡು. ಕಾರ್ ಆಯಿಲ್ ಹಾಕ್ಬೇಡಿ, ಅದರಲ್ಲಿ ಉಜ್ಜಾಟ ಕಮ್ಮಿ ಮಾಡೋ ಕೆಮಿಕಲ್ ಇರಬಹುದು, ಡ್ರ್ಯಾಗ್ ಹೋಗಿ ಸ್ಲಿಪ್ ಶುರುವಾಗುತ್ತೆ.

ಕೇಬಲ್ಲು ಆಯಿಲ್ಲು ಎರಡೂ ಆದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇರ್ ಹಾಕಿದ್ರೆ ಸುಮ್ನೆ ನಿಂತ್ಕೊಂಡ್ತು. ಖುಷಿಯಾಗಿ ಜಮೀನಿಗೆ ತಗೊಂಡೋಗಿ ಹತ್ತು ನಿಮಿಷ ಜೋರಾಗಿ ಓಡಿಸಿದ್ರೆ, ಬಿಸಿಯಾದ ಮೇಲೆ ಮತ್ತೆ ತೆವಳೋಕೆ ಶುರು. ಮೊದಲಿನಷ್ಟಿಲ್ಲ, ಆದ್ರೆ ಇದೆ. ತಣ್ಣಗಿದ್ದಾಗ ಮಾತ್ರ ಎಳೆದ್ರೆ ಆಯಿಲ್ ಮೇಲೆ ಅನುಮಾನ ಪಡಿ, ಬಿಸಿಯಾದಾಗ ಎಳೆದ್ರೆ ಪ್ಲೇಟು ಅಥವಾ ಬಾಸ್ಕೆಟ್ (ಪ್ಲೇಟುಗಳು ಕೂರೋ ಬುಟ್ಟಿ) ಮೇಲೆ. ಇಲ್ಲಿ ಎರಡನೇ ಭಾಗ ಶುರುವಾಯ್ತು.

ಪ್ಲೇಟ್ ಎಲ್ಲಾ ಹೊರಗೆ ತೆಗೆದು, ಸ್ಟೀಲ್ ಪ್ಲೇಟ್‌ಗಳನ್ನ ಒಂದೊಂದೇ ದಪ್ಪ ಗಾಜಿನ ಮೇಲಿಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ತೂರಿಸ್ದೆ. ಮ್ಯಾನುಯಲ್ ಪ್ರಕಾರ ನನ್ನ ಬೈಕಿಗೆ 0.2ಕ್ಕಿಂತ ಜಾಸ್ತಿ ಸೊಟ್ಟ ಇರಬಾರ್ದು, ನನ್ನವು 0.1 ಫೀಲರ್ ಕೂಡ ಒಳಗೆ ಬಿಡಲಿಲ್ಲ, ಸುಟ್ಟು ನೀಲಿಯಾದ ಕಲೆನೂ ಇರಲಿಲ್ಲ. ಫ್ರಿಕ್ಷನ್ ಪ್ಲೇಟ್ ದಪ್ಪನೂ ಲಿಮಿಟ್ ಒಳಗೇ. ಅಂದ್ರೆ ಏರಿಯಾದವರು ಹೇಳಿದ ಹಾಗೆ ಹೊಸ ಸೆಟ್ ಹಾಕಿದ್ರೆ ದುಡ್ಡು ಹೋಗ್ತಿತ್ತು, ಬೈಕ್ ಮಾತ್ರ ಹಂಗೇ ತೆವಳ್ತಿತ್ತು.

ಅಸಲಿ ವಿಷಯ ಇದ್ದಿದ್ದು ಬಾಸ್ಕೆಟ್‌ನಲ್ಲಿ. ಫ್ರಿಕ್ಷನ್ ಪ್ಲೇಟಿನ ಹೊರಗಿನ ಕಿವಿಗಳು ಬಾಸ್ಕೆಟ್ಟಿನ ಬೆರಳುಗಳ ಮಧ್ಯೆ ಕೂತಿರುತ್ತಲ್ಲ, ವರ್ಷಗಟ್ಟಲೆ ಬಡಿದು ಬಡಿದು ಆ ಅಲ್ಯೂಮಿನಿಯಂ ಬೆರಳಿನ ಮೇಲೆ ಒಂದೊಂದು ಪ್ಲೇಟಿಗೂ ಒಂದೊಂದು ಗುಳಿ ಬಿದ್ದಿತ್ತು. ಕಣ್ಣಿಗೆ ಅಷ್ಟಾಗಿ ಕಾಣಲ್ಲ, ಉಗುರು ಮೇಲಿಂದ ಕೆಳಗೆ ಎಳೆದ್ರೆ ಟಕ ಟಕ ಟಕ ಅಂತ ಸಿಕ್ಕಿ ಸಿಕ್ಕಿ ಹೋಗುತ್ತೆ. ಕ್ಲಚ್ ಹಿಡಿದಾಗ ಪ್ಲೇಟುಗಳು ಪಕ್ಕಕ್ಕೆ ಜಾರಿ ಬಿಡಿಬಿಡಿ ಆಗ್ಬೇಕು, ಆದ್ರೆ ಕಿವಿ ಗುಳಿಯಲ್ಲಿ ಸಿಕ್ಕಿಕೊಂಡು ಇದ್ದಲ್ಲೇ ಇರುತ್ತೆ, ಪ್ರೆಶರ್ ಪ್ಲೇಟ್ ಎಷ್ಟು ಎದ್ರೇನು ಬಂತು. ಒಳಗಿನ ಹಬ್ಬಿನ ಹಲ್ಲಲ್ಲೂ ಸ್ಟೀಲ್ ಪ್ಲೇಟಿನ ಗುರುತಿತ್ತು, ಆದ್ರೆ ಕಮ್ಮಿ.

ಅರ ಉಜ್ಜೋಕೆ ಬಾಸ್ಕೆಟ್ ಹೊರಗೆ ತೆಗೀಲೇಬೇಕು. ಇದ್ದಲ್ಲೇ ಬಟ್ಟೆ ತುರುಕಿ ಉಜ್ಜೋರಿದ್ದಾರೆ, ಅಲ್ಯೂಮಿನಿಯಂ ಪುಡಿ ಗೇರ್ ಬಾಕ್ಸಿಗೆ ಬೀಳಲ್ಲ ಅಂತ ನಾನಂತೂ ನಂಬಲ್ಲ. ಹಬ್ ನಟ್ ಬಿಚ್ಚೋಕೆ ಸ್ಪೆಷಲ್ ಹೋಲ್ಡರ್ ಇಲ್ದಿದ್ರೆ ಚೈನ್ ಹಾಕಿರೋ ಹಂಗೇ ಟಾಪ್ ಗೇರಿಗೆ ಹಾಕಿ, ಒಬ್ಬರು ಹಿಂದಿನ ಬ್ರೇಕ್ ತುಳಿದು ಹಿಡ್ಕೊಂಡ್ರೆ ಹಬ್ ಲಾಕ್ ಆಗುತ್ತೆ. ಲಾಕ್ ವಾಶರಿನ ಕಿವಿ ಮೊದಲು ಬಿಡಿಸಿ, ವಾಪಸ್ ಹಾಕುವಾಗ ಹೊಸದು ಹಾಕಿ. ಬಾಸ್ಕೆಟ್ ಎಳೆಯುವಾಗ ಹಿಂದಿರೋ ಥ್ರಸ್ಟ್ ವಾಶರ್ ಆಯಿಲ್‌ಗೆ ಅಂಟ್ಕೊಂಡು ಜೊತೇಲೇ ಬಂದು ಎಲ್ಲೋ ಬೀಳುತ್ತೆ, ಯಾವುದು ಯಾವ ಕಡೆ ಇತ್ತು ಅಂತ ಫೋಟೋ ತಗೊಳಿ. ಹಬ್ಬಿಗೂ ಬಾಸ್ಕೆಟ್ಟಿಗೂ ಮಧ್ಯೆ ಇರೋ ವಾಶರ್ ಮರೆತ್ರೆ ನಟ್ ಟೈಟ್ ಮಾಡಿದಾಗ ಎರಡೂ ಒಂದಕ್ಕೊಂದು ಕಚ್ಚಿಕೊಂಡು, ಕ್ಲಚ್ ಇದ್ದೂ ಇಲ್ಲದ ಹಾಗೆ.

ಉಜ್ಜೋದು ಸಣ್ಣ ಚಪ್ಪಟೆ ಅರದಲ್ಲಿ, ಗುಳಿಯ ಅಂಚು ಹೋಗಿ ಕಿವಿ ಸಿಕ್ಕಿಕೊಳ್ಳದೆ ಜಾರೋವರೆಗೆ ಮಾತ್ರ. ಗುಳಿ ಪೂರ್ತಿ ಮಾಯ ಆಗ್ಲಿ ಅಂತ ಹಠ ಹಿಡಿದ್ರೆ ಕಿವಿಗೂ ಬೆರಳಿಗೂ ಮಧ್ಯೆ ಸಂದು ಜಾಸ್ತಿಯಾಗಿ, ಪ್ಲೇಟು ಇನ್ನೂ ಜೋರಾಗಿ ಬಡಿದು ಬೇಗ ಹೊಸ ಗುಳಿ ಮಾಡುತ್ತೆ. ಅರ ಓರೆಯಾಗಬಾರ್ದು, ಎಲ್ಲಾ ಬೆರಳಿಂದಲೂ ಒಂದೇ ಅಳತೆ ಹೋಗ್ಬೇಕು, ಇಲ್ಲಾಂದ್ರೆ ಭಾರ ಎಲ್ಲಾ ಎರಡೇ ಬೆರಳ ಮೇಲೆ ಬೀಳುತ್ತೆ. ಕೊನೆಗೆ ನೈಸ್ ಎಮ್ರಿ ಪೇಪರ್, ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದೆ. ಫ್ರಿಕ್ಷನ್ ಪ್ಲೇಟ್‌ಗಳನ್ನ ಹೊಸ ಆಯಿಲ್ಲಲ್ಲಿ ರಾತ್ರಿಯಿಡೀ ನೆನೆಸಿಟ್ಟು, ಸ್ಟೀಲ್ ಪ್ಲೇಟಿನ ಚೂಪು ಅಂಚು ಎಲ್ಲಾ ಒಂದೇ ಕಡೆ ಬರೋ ಹಾಗೆ ಜೋಡಿಸಿ, ಸ್ಪ್ರಿಂಗ್ ಬೋಲ್ಟ್ ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಟೈಟ್ ಮಾಡ್ದೆ. ಕವರ್ ಪ್ಯಾಕಿಂಗ್ ಹರಿದಿತ್ತು, ಜೆಸಿ ರೋಡಲ್ಲಿ ಪ್ಯಾಕಿಂಗ್ ಶೀಟ್ ಸಿಗುತ್ತೆ, ಕವರ್ ಮೇಲಿಟ್ಟು ಕತ್ತರಿಸಿದ್ರೆ ಆಯ್ತು.

ಟೆಸ್ಟ್ ಮಾಡುವಾಗ ಒಂದು ವಿಷಯ, ಸ್ಟ್ಯಾಂಡ್ ಮೇಲೆ ಎತ್ತಿಟ್ಟು ಗೇರ್ ಹಾಕಿ ಕ್ಲಚ್ ಹಿಡಿದ್ರೆ ಹಿಂದಿನ ಚಕ್ರ ತಿರುಗುತ್ತೆ, ಅದನ್ನ ನೋಡಿ ಗಾಬರಿ ಆಗ್ಬೇಡಿ, ಆಯಿಲ್ಲಿನ ಎಳೆತ ಅಷ್ಟು ಯಾವ ಬೈಕಲ್ಲೂ ಇರುತ್ತೆ. ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟಾಗ ಇಂಜಿನ್ ಸುಸ್ತಾಗದೆ ಚಕ್ರ ನಿಂತ್ರೆ ಸಾಕು. ನೆಲದ ಮೇಲೆ, ಬಿಸಿ ಇಂಜಿನ್ನು, ಐಡಲ್ ಸರಿಯಾಗಿಟ್ಟು ನೋಡೋದೇ ಅಸಲಿ ಪರೀಕ್ಷೆ.

ಈಗ ಬಿಸಿಯಲ್ಲೂ ನಿಲ್ಲುತ್ತೆ, ಇಂಜಿನ್ ಓಡ್ತಿದ್ದಾಗ್ಲೇ ಬೂಟ್ ತುದಿಗೆ ನ್ಯೂಟ್ರಲ್ ಸಿಗುತ್ತೆ. ಡಿಸೆಂಬರ್ ಬೆಳಿಗ್ಗೆ ಮಾತ್ರ ಮೊದಲನೇ ಸಲ ಗೇರ್ ಹಾಕಿದಾಗ ಒಂಚೂರು ಜಿಗಿಯುತ್ತೆ, ಅದಕ್ಕೆ ಸ್ಟಾರ್ಟ್ ಮಾಡೋ ಮುಂಚೆ ಗೇರ್ ಹಾಕಿ ಕ್ಲಚ್ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಮುಂದೆ ತಳ್ಳಿದ್ರೆ ಪ್ಲೇಟ್ ಬಿಡಿಸಿಕೊಳ್ಳುತ್ತೆ. ಬಾಸ್ಕೆಟ್ಟಲ್ಲಿ ಇನ್ನೊಂದು ಸಲ ಉಜ್ಜೋಷ್ಟು ಮೈ ಉಳಿದಿಲ್ಲ, ಸೊ ಮುಂದಿನ ಸಲ ಗುಳಿ ಬಿದ್ರೆ ಅರ ಎತ್ಕೊಳಲ್ಲ, ಹೊಸ ಬಾಸ್ಕೆಟ್ಟೇ. ಅದಕ್ಕೆ ಅಂತ ಈಗಿಂದಾನೇ ದುಡ್ಡು ಎತ್ತಿಡ್ತಿದ್ದೀನಿ.