ಆಮೆಯ ಪಂಚಾಂಗ ನೋಡಿ ಕೋಸ್ಟರಿಕಾಕ್ಕೆ

ಮಧ್ಯ ಅಮೆರಿಕದ ಕೋಸ್ಟರಿಕಾ ಪುಟ್ಟ ದೇಶ, 51 ಸಾವಿರ ಚದರ ಕಿಲೋಮೀಟರಿನ ಆಸುಪಾಸು. ಒಂದೇ ವಾರದಲ್ಲಿ ಎರಡು ಕಡಲು, ಜ್ವಾಲಾಮುಖಿ, ಮೋಡಗಾಡು ಎಲ್ಲವನ್ನೂ ಮುಗಿಸಿಬಿಡಬಹುದು ಎಂದು ಪ್ರವಾಸ ಸಂಸ್ಥೆಗಳ ಪಟ್ಟಿಗಳು ಆಸೆ ಹುಟ್ಟಿಸುತ್ತವೆ. ದೇಶದ ನಡುವೆ ಉದ್ದಕ್ಕೂ ಬೆಟ್ಟಸಾಲು ಮಲಗಿದೆ ಎಂಬುದನ್ನು ಆ ಪಟ್ಟಿಗಳು ಹೇಳುವುದಿಲ್ಲ. ನಕ್ಷೆಯಲ್ಲಿ ಹೆಬ್ಬೆರಳಿನಷ್ಟು ಕಾಣುವ ದಾರಿ ಅರ್ಧ ದಿನ ತಿನ್ನುತ್ತದೆ.

ಆದ್ದರಿಂದ ನನ್ನ ಯೋಜನೆ ಶುರುವಾದದ್ದು ಪಟ್ಟಿಯಿಂದ ಜಾಗಗಳನ್ನು ಹೊಡೆದುಹಾಕುವುದರಿಂದ. ಓಸಾ ಪರ್ಯಾಯದ್ವೀಪದ ಕೊರ್ಕೊವಾಡೊ ಉದ್ಯಾನವನ್ನು ಸಂಕಟಪಟ್ಟುಕೊಂಡೇ ಬಿಟ್ಟೆ. ಹಂದಿಯಂತೆ ಕಾಣುವ, ಮೋಟು ಸೊಂಡಿಲಿನ ಟೇಪಿರ್ ನೋಡಲು ಅದಕ್ಕಿಂತ ಒಳ್ಳೆಯ ಕಾಡು ಆ ದೇಶದಲ್ಲಿಲ್ಲ. ಆದರೆ ಅದು ತೀರಾ ಮೂಲೆಯಲ್ಲಿದೆ, ಮಾರ್ಗದರ್ಶಕರಿಲ್ಲದೆ ಒಳಗೆ ಬಿಡುವುದಿಲ್ಲ, ಕಾಡಿನೊಳಗಿನ ಸಿರೆನಾ ಅರಣ್ಯ ಠಾಣೆಯಲ್ಲಿ ತಂಗಲು ಮೊದಲೇ ಜಾಗ ಹಿಡಿಯಬೇಕು. ಅದಕ್ಕೇ ಒಂದು ವಾರ ಮೀಸಲಿಡಬೇಕು. ಮ್ಯಾನುಯೆಲ್ ಆಂಟೋನಿಯೊ ಉದ್ಯಾನವನ್ನು ಮಾತ್ರ ಯಾವ ಸಂಕಟವೂ ಇಲ್ಲದೆ ಬಿಟ್ಟೆ. ಜನಜಂಗುಳಿಯ ನಡುವೆ ಕೋತಿ ನೋಡಲು ಅಷ್ಟು ದೂರ ಹಾರಬೇಕಿಲ್ಲ.

ಉಳಿದದ್ದು ಕೆರಿಬಿಯನ್ ಕರಾವಳಿಯ ಟೋರ್ಟುಗೆರೊ ಮತ್ತು ಬೆಟ್ಟದ ಮೇಲಿನ ಮೊಂಟೆವೆರ್ಡೆ. ಯಾವಾಗ ಹೋಗುವುದು ಎಂಬ ಪ್ರಶ್ನೆಯನ್ನು ಆಮೆಗಳಿಗೆ ಒಪ್ಪಿಸಿದೆ. ಎಲ್ಲರೂ ಡಿಸೆಂಬರಿನಿಂದ ಏಪ್ರಿಲ್ ತನಕದ ಒಣ ತಿಂಗಳುಗಳನ್ನು ಹೇಳುತ್ತಾರೆ. ಆದರೆ ಹಸಿರು ಕಡಲಾಮೆಗಳು ಟೋರ್ಟುಗೆರೊದಲ್ಲಿ ಮೊಟ್ಟೆಯಿಡುವುದು ಮುಖ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ. ಮೊಂಟೆವೆರ್ಡೆಯ ಕೆಟ್ಸಾಲ್ ಹಕ್ಕಿ ಚೆನ್ನಾಗಿ ಕಾಣಸಿಗುವುದು ಅದು ಗೂಡು ಕಟ್ಟುವ ಕಾಲದಲ್ಲಿ, ಅಂದರೆ ಮಾರ್ಚ್‌ನಿಂದ ಜೂನ್ ನಡುವೆ. ಎರಡನ್ನೂ ಒಂದೇ ವಾರಕ್ಕೆ ಹೊಂದಿಸಲು ಹೊರಟರೆ ಎರಡೂ ಅರೆಬರೆಯಾಗುತ್ತವೆ. ಆಮೆಯನ್ನು ಇಟ್ಟುಕೊಂಡು ಕೆಟ್ಸಾಲನ್ನು ಅದೃಷ್ಟಕ್ಕೆ ಬಿಟ್ಟು ಆಗಸ್ಟ್‌ಗೆ ಟಿಕೆಟ್ ತೆಗೆದೆ. ಮಳೆ ಬರುತ್ತದೆ, ಬರಲಿ. ಮಳೆಕಾಡಿಗೆ ಹೋಗಿ ಮಳೆಯನ್ನು ದೂರುವವರ ತರ್ಕ ನನಗೆ ಎಂದೂ ಅರ್ಥವಾಗಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ತಂಗುವ ಜಾಗ ಆರಿಸುವ ಕೆಲಸ. ‘ಇಕೋ’ ಎಂಬ ಹಣೆಪಟ್ಟಿಯನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ಕೋಸ್ಟರಿಕಾದ ಪ್ರವಾಸೋದ್ಯಮ ಸಂಸ್ಥೆ ಸುಸ್ಥಿರ ಪ್ರವಾಸೋದ್ಯಮಕ್ಕೆ ತನ್ನದೇ ಪ್ರಮಾಣಪತ್ರ ಕೊಡುತ್ತದೆ. ಅದು ‘ಸಿಎಸ್‌ಟಿ’ ಎಂದೇ ಪ್ರಸಿದ್ಧ. ಅದಿರುವ ಲಾಡ್ಜ್‌ಗಳಿಂದ ಹುಡುಕಾಟ ಆರಂಭಿಸಿದೆ, ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಪ್ರತಿಯೊಬ್ಬರಿಗೂ ಇಮೇಲ್ ಬರೆದು ಕೇಳಿದೆ: ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಕೆಲಸದವರಲ್ಲಿ ಅದೇ ಊರಿನವರು ಎಷ್ಟು ಮಂದಿ? ಆಮೆಗಳ ಕಾಲದಲ್ಲಿ ಕಡಲಿನ ಕಡೆಗಿನ ದೀಪಗಳನ್ನು ಏನು ಮಾಡುತ್ತೀರಿ? ಮೂರನೆಯ ಪ್ರಶ್ನೆ ನನ್ನ ನೆಚ್ಚಿನ ಜರಡಿ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿನತ್ತ ತೆವಳುತ್ತವೆ. ಕತ್ತಲ ದಡದಲ್ಲಿ ಅವುಗಳಿಗೆ ಕಡಲೇ ಹೆಚ್ಚು ಬೆಳಕಾಗಿ ಕಾಣಬೇಕು. ಕಟ್ಟಡದ ದೀಪ ಅವುಗಳ ದಿಕ್ಕು ತಪ್ಪಿಸುತ್ತದೆ. ಇದನ್ನು ತಿಳಿದ ಲಾಡ್ಜಿನವರು ಯಾವ ದೀಪ, ಎಲ್ಲಿ ಮರೆ ಮಾಡಿದ್ದೇವೆ ಎಂದು ವಿವರವಾಗಿ ಬರೆದರು. ಒಬ್ಬರು ಉತ್ತರವಾಗಿ ಈಜುಕೊಳದ ಚಿತ್ರ ಕಳಿಸಿದರು. ಅವರನ್ನು ಪಟ್ಟಿಯಿಂದ ತೆಗೆದೆ.

ಮರದ ಮೇಲೆ ಬದುಕುವ ನಿಧಾನಗತಿಯ ಪ್ರಾಣಿ ಸ್ಲಾತ್ ಅನ್ನು ತಬ್ಬಿಕೊಂಡ ಅತಿಥಿಗಳ ಚಿತ್ರ ಹಾಕಿದವರನ್ನು ಇಮೇಲ್ ಬರೆಯುವ ಮೊದಲೇ ಕೈಬಿಟ್ಟಿದ್ದೆ. ಕಾಡುಪ್ರಾಣಿಯನ್ನು ಹಿಡಿದು ಸೆಲ್ಫಿ ತೆಗೆಯುವುದರ ವಿರುದ್ಧ ಆ ದೇಶದ ಸರ್ಕಾರವೇ 2019ರಲ್ಲಿ ಪ್ರಚಾರ ಮಾಡಿದೆ.

ಆಮೆ ನೋಡುವ ರಾತ್ರಿಯ ನಿಯಮಗಳನ್ನು ಹೋಗುವ ಮೊದಲೇ ಓದಿಕೊಂಡದ್ದು ಒಳ್ಳೆಯದಾಯಿತು. ಗೂಡಿನ ಕಾಲದಲ್ಲಿ ಕತ್ತಲಾದ ಮೇಲೆ ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ದಡಕ್ಕೆ ಇಳಿಯುವಂತಿಲ್ಲ. ಕ್ಯಾಮೆರಾ, ಮೊಬೈಲ್ ಎರಡೂ ನಿಷಿದ್ಧ, ಬಟ್ಟೆ ಗಾಢ ಬಣ್ಣದ್ದಿರಬೇಕು. ಸಣ್ಣ ಗುಂಪುಗಳು ದಡದ ಹಿಂದಿನ ಮರಗಳ ನಡುವೆ ಕಾಯುತ್ತವೆ. ಆಮೆ ಬಂದದ್ದನ್ನು ದಡದ ಕಾವಲಿನವರು ರೇಡಿಯೊದಲ್ಲಿ ತಿಳಿಸುತ್ತಾರೆ, ಅದು ಗುಂಡಿ ತೋಡಿ ಮೊಟ್ಟೆಯಿಡಲು ತೊಡಗಿದ ಮೇಲಷ್ಟೇ ನಮ್ಮನ್ನು ಹತ್ತಿರ ಬಿಡುತ್ತಾರೆ. ಆ ಹಂತದಲ್ಲಿ ಅದು ಸುಲಭಕ್ಕೆ ಬೆದರುವುದಿಲ್ಲ. ಅದಕ್ಕೆ ಮೊದಲು ಬೆದರಿದರೆ ಮೊಟ್ಟೆಯಿಡದೆ ಕಡಲಿಗೆ ಮರಳುತ್ತದೆ. ಇವನ್ನೆಲ್ಲ ತಿಳಿದು ಹೋಗಿದ್ದರಿಂದ ಕಾಯುವುದು ಶಿಕ್ಷೆ ಎನಿಸಲಿಲ್ಲ. ಮಾರನೆಯ ರಾತ್ರಿಯನ್ನೂ ಅದಕ್ಕೇ ಖಾಲಿ ಇಟ್ಟಿದ್ದೆ, ಪ್ರಾಣಿಗಳು ನಮ್ಮ ವೇಳಾಪಟ್ಟಿಯನ್ನು ಓದಿರುವುದಿಲ್ಲವಲ್ಲ.

ದಾರಿಯನ್ನು ಹಿಂದೆ ಮುಂದೆ ಓಡಾಡದಂತೆ ಒಂದೇ ದಿಕ್ಕಿನಲ್ಲಿ ಹೆಣೆದೆ. ಟೋರ್ಟುಗೆರೊಗೆ ರಸ್ತೆ ಇಲ್ಲ. ಲಾ ಪಾವೊನಾ ತನಕ ಬಸ್ಸು, ಅಲ್ಲಿಂದ ದೋಣಿ. ಆ ದೋಣಿಯಲ್ಲೇ ಮೊಸಳೆ, ಬಕ, ಇಗ್ವಾನಾ ಕಾಣುತ್ತವೆ, ಆದ್ದರಿಂದ ಅದನ್ನು ಪ್ರಯಾಣದ ಲೆಕ್ಕಕ್ಕೆ ಹಿಡಿಯಬೇಕಿಲ್ಲ. ವಾಪಸು ಬರುವಾಗ ಅರೆನಾಲ್ ಜ್ವಾಲಾಮುಖಿಯ ಬಳಿಯ ಊರು ಲಾ ಫೋರ್ಚುನಾದಲ್ಲಿ ಒಂದು ರಾತ್ರಿ, ಮರುದಿನ ಅರೆನಾಲ್ ಸರೋವರವನ್ನು ದೋಣಿಯಲ್ಲಿ ದಾಟಿ ವ್ಯಾನಿನಲ್ಲಿ ಮೊಂಟೆವೆರ್ಡೆಗೆ. ಸರೋವರವನ್ನು ಸುತ್ತುವ ರಸ್ತೆಗಿಂತ ಇದು ಬೇಗ ಮುಟ್ಟಿಸುತ್ತದೆ, ಬೆನ್ನೂ ಉಳಿಯುತ್ತದೆ.

ಹಣದ ವಿಷಯದಲ್ಲಿ ನನ್ನದು ಸ್ವಲ್ಪ ಹಟದ ನಿಲುವು: ಕೋಣೆ ಸಾದಾ ಇರಲಿ, ಮಾರ್ಗದರ್ಶಕರು ಉತ್ತಮರಿರಲಿ. ಮೊಂಟೆವೆರ್ಡೆಯಲ್ಲಿ ಮೊದಲ ದಿನ ನಾನೊಬ್ಬನೇ ನಡೆದಾಗ ಕಂಡದ್ದು ಹಸಿರು ಮತ್ತು ಮಂಜು. ಮರುದಿನ ಅದೇ ಹಾದಿಯಲ್ಲಿ ಮಾರ್ಗದರ್ಶಕಿಯೊಬ್ಬರು ಮುಂದೆ ನಡೆದರು. ಕೊಂಬೆಗಳ ಮೇಲಿನ ಪಾಚಿಯಲ್ಲಿ ಉಗುರಿಗಿಂತ ಚಿಕ್ಕ ಆರ್ಕಿಡ್, ಎಲೆಯಡಿ ಮಲಗಿದ ಕಪ್ಪೆ, ಕೆಟ್ಸಾಲ್ ಹಣ್ಣು ತಿನ್ನಲು ಬರುವ ಕಾಡು ಬೆಣ್ಣೆಹಣ್ಣಿನ ಮರ, ಎಲ್ಲ ಒಂದೊಂದಾಗಿ ಹೊರಬಂದವು. ಇದೇ ಬೆಟ್ಟದ ಚಿನ್ನದ ಬಣ್ಣದ ನೆಲಗಪ್ಪೆ 1989ರ ನಂತರ ಯಾರಿಗೂ ಕಂಡಿಲ್ಲ ಎಂದೂ ಅವರೇ ಹೇಳಿದರು. ಕೆಟ್ಸಾಲ್ ಬರಲಿಲ್ಲ.

ಚೀಲಕ್ಕೆ ಹಾಕಿದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದವು 8×42 ದುರ್ಬೀನು, ಬೇಗ ಒಣಗುವ ಬಟ್ಟೆ, ಬೆಟ್ಟದ ಚಳಿಗೊಂದು ಸ್ವೆಟರ್. ರಬ್ಬರ್ ಬೂಟನ್ನು ಲಾಡ್ಜಿನವರೇ ಕೊಟ್ಟರು. ಡಾಲರ್ ಬಹುತೇಕ ಎಲ್ಲೆಡೆ ನಡೆಯುತ್ತದೆ, ಆದರೆ ಹಳ್ಳಿಯ ಅಂಗಡಿಗೆ, ಬಸ್ಸಿಗೆ ಆ ದೇಶದ ಹಣವಾದ ಕೊಲೋನ್ ಚಿಲ್ಲರೆ ಇದ್ದರೆ ಒಳ್ಳೆಯದು. ಕೊನೆಯ ರಾತ್ರಿ ಉಳಿಯಲು ರಾಜಧಾನಿ ಸ್ಯಾನ್ ಹೋಸೆಗಿಂತ ಅಲಾಹುವೆಲಾ ಅನುಕೂಲ, ಏಕೆಂದರೆ ವಿಮಾನ ನಿಲ್ದಾಣ ಇರುವುದು ಅಲ್ಲಿ.