ಬಾಗಿಲ ಮುಂದೆ ಹನ್ನೆರಡು ಚುಕ್ಕಿ, ಒಂದೇ ಎಳೆ

ಕೋಲಾರದ ಕಡೆ ಬೆಳಗಿನ ಹೊತ್ತು ಮನೆಯಲ್ಲಿ ಬಿಡುವು ಸಿಗುವುದೇ ಕಷ್ಟ. ಹಾಲು ಕರೆದು ಡೇರಿಗೆ ಹಾಕಬೇಕು, ಮಕ್ಕಳ ಬುತ್ತಿ ಕಟ್ಟಬೇಕು, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ಹೊರಡಿಸಬೇಕು. ಆದರೂ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹತ್ತು ನಿಮಿಷ ಹೇಗೂ ಇದ್ದೇ ಇರುತ್ತದೆ. ಆ ಹೊತ್ತನ್ನು ಚುಕ್ಕಿಗಳನ್ನು ಸುತ್ತಿ ಬರುವ ಒಂದೇ ಎಳೆಯ ರಂಗೋಲಿಗೆ ಕೊಟ್ಟು ನೋಡಿ. ಹೆಂಗಸರ ಕೆಲಸ ಅಂತ ಯಾರೂ ದೂರ ನಿಲ್ಲಬೇಕಾಗಿಲ್ಲ. ಬೆರಳಿಗೆ ಹಿಡಿತ ಬಂದ ಯಾರಾದರೂ ಕಲಿಯಬಹುದು.

ಮೊದಲು ನೆಲ. ಬರದ ಸೀಮೆಯಲ್ಲಿ ಬಕೆಟ್‌ಗಟ್ಟಲೆ ನೀರು ಚೆಲ್ಲುವುದು ಬೇಡ. ಎರಡು ಚೊಂಬು ನೀರು ಚಿಮುಕಿಸಿ, ಪೊರಕೆಯಿಂದ ಎಳೆದುಬಿಟ್ಟರೆ ಸಾಕು. ಅಂಗೈ ಒತ್ತಿ ನೋಡಿ: ಕೈಗೆ ತಂಪು ತಾಗಬೇಕು, ನೆಲದ ಮೇಲೆ ನೀರು ಮಿನುಗಬಾರದು. ನೀರು ಹೆಚ್ಚಾದರೆ ಪುಡಿ ನೆನೆದು ಗೆರೆ ಮಂಕಾಗಿ ಹರಡುತ್ತದೆ. ಪೂರ್ತಿ ಒಣಗಿದ್ದರೆ ಆಷಾಢದ ಗಾಳಿಗೆ ಅಷ್ಟೂ ಹಾರಿಹೋಗುತ್ತದೆ. ಸಗಣಿ ಸಾರಿಸಿದ ಅಂಗಳ ಪುಡಿಯನ್ನು ಚೆನ್ನಾಗಿ ಹಿಡಿಯುತ್ತದೆ, ಸಿಮೆಂಟೂ ಪರವಾಗಿಲ್ಲ. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಮಾತ್ರ ಪುಡಿ ನಿಲ್ಲುವುದಿಲ್ಲ. ಅಲ್ಲಿ ಸೀಮೆಸುಣ್ಣದ ತುದಿಯನ್ನು ನೀರಿಗೆ ಅದ್ದಿ ಎಳೆಯಿರಿ, ಒಣಗಿದ ಮೇಲೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ.

ಪುಡಿ ಒಂದು ಹಿಡಿ ಸಾಕು. ಗಂಟು ಇದ್ದರೆ ಜರಡಿ ಹಿಡಿಯಿರಿ. ನುಣ್ಣನೆಯ ಅಕ್ಕಿಹಿಟ್ಟು ಬೆರಳಿಗೆ ಅಂಟಿಕೊಂಡು ತಡೆತಡೆದು ಬೀಳುತ್ತದೆ. ಇರುವೆಗಳಿಗೂ ಸಿಗಲಿ ಎನ್ನುವವರು ಸ್ವಲ್ಪ ತರಿಯಾಗಿ ಬೀಸಿಸಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿಟಿಕೆ ಹಿಡಿದು, ಕೈಯನ್ನು ನೆಲದಿಂದ ಎರಡು ಬೆರಳಷ್ಟು ಮೇಲಿಟ್ಟು, ಹೆಬ್ಬೆರಳನ್ನು ಮೆಲ್ಲಗೆ ಮುಂದಕ್ಕೆ ಉಜ್ಜುತ್ತಾ ಪುಡಿ ಬಿಡಿ. ಮಣಿಕಟ್ಟು ತಿರುಗಿಸಿದರೆ ಬಾಗು ಒರಟಾಗುತ್ತದೆ, ಇಡೀ ತೋಳು ಬಾಗಿನ ಜೊತೆ ಸಾಗಬೇಕು.

ಈಗ ಚುಕ್ಕಿ. ಮೂರು ಸಾಲು, ಸಾಲಿಗೆ ನಾಲ್ಕು, ಒಂದರ ಕೆಳಗೆ ಒಂದು ನೇರವಾಗಿ. ಚುಕ್ಕಿಯಿಂದ ಚುಕ್ಕಿಗೆ ಮೂರು ಬೆರಳಗಲ, ಸುಮಾರು 5 ಸೆಂ.ಮೀ. ಎಳೆಗೆ ನಿಯಮ ಎರಡೇ: ಅಕ್ಕಪಕ್ಕದ ಅಥವಾ ಮೇಲೆ ಕೆಳಗಿನ ಎರಡು ಚುಕ್ಕಿಗಳ ಸರಿಮಧ್ಯದಲ್ಲಿ ಓರೆಯಾಗಿ ಹಾಯಬೇಕು, ಅಂಚಿಗೆ ಬಂದಾಗ ಹೊರಗಿನ ಚುಕ್ಕಿಯನ್ನು ಬಳಸಿ ಒಳಕ್ಕೆ ತಿರುಗಬೇಕು.

ಮೊದಲ ಸಾಲಿನ ಮೊದಲ ಚುಕ್ಕಿಯ ನೆತ್ತಿಯಿಂದ ಶುರು ಮಾಡಿ. ಓರೆಯಾಗಿ ಇಳಿದು ಅದೇ ಸಾಲಿನ 1 ಮತ್ತು 2ನೇ ಚುಕ್ಕಿಗಳ ನಡುವೆ ಹಾದು, 2ನೆಯದರ ಕೆಳಗೆ ಬನ್ನಿ. ಎರಡನೇ ಸಾಲಿನಲ್ಲಿ 2 ಮತ್ತು 3ರ ನಡುವೆ ಹಾದು, 3ನೆಯದರ ಕೆಳಗೆ. ಮೂರನೇ ಸಾಲಿನಲ್ಲಿ 3 ಮತ್ತು 4ರ ನಡುವೆ. ಅಲ್ಲಿಂದ ಮೂಲೆಯ ಚುಕ್ಕಿಯನ್ನು ಕೆಳಗಿನಿಂದ ಬಲಕ್ಕೆ ಬಳಸಿ ಮೇಲಕ್ಕೆ ಹತ್ತಿ. ಮುಂದಿನ ದಾರಿಯನ್ನು ಎಳೆಯೇ ತೋರಿಸುತ್ತದೆ. ಮುಂದಿನ ಸಂದು ಯಾವುದು ಎನ್ನುವುದೊಂದೇ ಯೋಚನೆಯಾಗಿ ಉಳಿಯುತ್ತದಲ್ಲ, ಮನಸ್ಸು ತಣ್ಣಗಾಗುವುದು ಅಲ್ಲೇ. ಅದಕ್ಕೇ ಫೋನು ನೋಡಿಕೊಂಡು ನಕಲು ಮಾಡಬೇಡಿ. ಕಣ್ಣು ಪರದೆಗೂ ನೆಲಕ್ಕೂ ಓಡಾಡುತ್ತಿದ್ದರೆ ಕೈಯ ಓಟ ಕೆಡುತ್ತದೆ, ನೆಮ್ಮದಿಯೂ ಇರುವುದಿಲ್ಲ.

ಎಳೆ ಹೊರಟ ಜಾಗಕ್ಕೇ ಬಂದು ಸೇರುವಷ್ಟರಲ್ಲಿ 17 ಕಡೆ ತನ್ನನ್ನು ತಾನೇ ದಾಟಿರಬೇಕು, ಪ್ರತಿ ಚುಕ್ಕಿಗೂ ತನ್ನದೇ ಒಂದು ಮನೆ ಆಗಿರಬೇಕು. ಮೊದಲೇ ಕೂಡಿಕೊಂಡು ಯಾವುದೋ ಸಂದು ಖಾಲಿ ಉಳಿದಿದ್ದರೆ, ದಾಟಬೇಕಾದ ಕಡೆ ನೀವು ತಿರುಗಿಬಿಟ್ಟಿದ್ದೀರಿ ಎಂದರ್ಥ. ಇದು ಎಲ್ಲರಿಗೂ ಆಗುವುದು ಅಂಚಿನಿಂದ ಒಳಗೆ ಬರುವಾಗಲೇ. ಎರಡು ಮೂರು ದಿನ ಸ್ಲೇಟಿನ ಮೇಲೆ ಬರೆದು ಕೈ ಪಳಗಿಸಿಕೊಂಡು ಆಮೇಲೆ ಅಂಗಳಕ್ಕಿಳಿದರೆ ಪುಡಿಯೂ ಉಳಿಯುತ್ತದೆ.

ಸಾಲಿನ ಲೆಕ್ಕ ಮುಖ್ಯ. ಸಾಲುಗಳ ಸಂಖ್ಯೆ ಮತ್ತು ಒಂದು ಸಾಲಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ (ಎರಡನ್ನೂ ಶೇಷ ಉಳಿಯದಂತೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎಷ್ಟೋ ಅಷ್ಟು ಎಳೆ ಬೇಕು. 2ಕ್ಕೆ 3, 3ಕ್ಕೆ 4, 4ಕ್ಕೆ 5 ಇಟ್ಟರೆ ಒಂದೇ ಎಳೆ. 3ಕ್ಕೆ 3 ಇಟ್ಟರೆ ಮೂರು ಎಳೆ, ಎಷ್ಟು ತಿಣುಕಿದರೂ ಒಂದರಲ್ಲಿ ಮುಗಿಯುವುದಿಲ್ಲ. ಮಗ್ಗಿ ಕಲಿಯುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಹೊಸದನ್ನು ಕಟ್ಟುವ ಸುಖ ಇರುವುದೂ ಈ 3ಕ್ಕೆ 3ರಲ್ಲೇ. ಬೇರೆ ಬೇರೆ ಎರಡು ಎಳೆ ಕತ್ತರಿಸುವ ಒಂದು ಸಂದನ್ನು ಹುಡುಕಿ. ಅಲ್ಲಿ ದಾಟಿಸದೆ, ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟಂತೆ ಬಾಗಿಸಿಬಿಡಿ. ಎರಡೆಳೆ ಸೇರಿ ಒಂದಾಗುತ್ತವೆ. ಮೂರನೆಯದು ಆ ಎಳೆಯನ್ನು ದಾಟುವ ಕಡೆ ಇನ್ನೊಮ್ಮೆ ಹೀಗೇ ಮಾಡಿದರೆ ಪೂರ್ತಿ ಒಂದೇ ಎಳೆ. ಯಾವ ಸಂದು ಆರಿಸಿಕೊಂಡಿರಿ ಎನ್ನುವುದರ ಮೇಲೆ ಚಿತ್ರದ ರೂಪ ಬದಲಾಗುತ್ತದೆ. ಮಾಡಿದ್ದನ್ನು ಅಳಿಸುವ ಮುಂಚೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಧನುರ್ಮಾಸದಲ್ಲಿ ಅಂಗಳದ ತುಂಬ ಬಿಡಬೇಕಾದಾಗ ಅದೇ ತುಂಡುಗಳನ್ನು ಜೋಡಿಸಿ, ಸುತ್ತ ಕೆಮ್ಮಣ್ಣಿನ ಅಂಚು ಕೊಡಬಹುದು.