ಲಾವಂಚಕ್ಕೆ ಹೆಪ್ಪು ಹಾಕಿದ ಕಥೆ

ಲಾವಂಚದ ಎಣ್ಣೆ ಡಿಫ್ಯೂಸರ್‌ಗೆ ಒಗ್ಗುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಡಿಫ್ಯೂಸರ್ ಎಂದರೆ ನೀರಿಗೆ ಹನಿಸಿದ ಸುಗಂಧ ತೈಲವನ್ನು ತಣ್ಣನೆಯ ಮಂಜಾಗಿಸಿ ಕೋಣೆಗೆ ಹರಡುವ ಪುಟ್ಟ ಯಂತ್ರ. ಚಿಕ್ಕಪೇಟೆಯಲ್ಲಿ ನಾನು ಎಣ್ಣೆ ಕೊಳ್ಳುವ ಅಂಗಡಿಯ ಹಿರಿಯರು, "ಲಾವಂಚ ಕಿಟಕಿಯ ತಟ್ಟಿಗೆ, ಕುಡಿಯುವ ನೀರಿನ ಮಡಕೆಗೆ. ಯಂತ್ರಕ್ಕೆ ಹಾಕಿ ಯಾಕೆ ಎರಡನ್ನೂ ಹಾಳು ಮಾಡುತ್ತೀರಿ?" ಎಂದರು. ನನ್ನ ಷಡ್ಡಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಹಜಾರಕ್ಕೆ ಕಾಲಿಟ್ಟವನೇ ಪೈಪು ಸೋರುತ್ತಿದೆಯೇ ಎಂದು ಕೇಳಿದ. ಅವನನ್ನು ತಪ್ಪೆನ್ನಲಾರೆ. ಆಗ ವಾಸನೆ ಹಾಗೆಯೇ ಇತ್ತು.

ಈಗ ಎಂಟು ತಿಂಗಳಾಯಿತು. ಒಂದೇ ಯಂತ್ರ, ನೀರನ್ನು ನಡುಗಿಸಿ ಮಂಜು ಮಾಡುವ ಅದೇ ಡಿಸ್ಕ್, ದಿನವೂ ಲಾವಂಚ. ನಮ್ಮ ಮಹಡಿಯಲ್ಲಿ ಲಿಫ್ಟ್‌ನಿಂದ ಇಳಿದವರು ಬಾಗಿಲ ಸಂಖ್ಯೆ ನೋಡದೆ ನಮ್ಮ ಮನೆಯ ಬೆಲ್ ಒತ್ತುತ್ತಾರೆ. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ, ಏಕೆಂದರೆ ಇದಕ್ಕೆ ಮೊದಲು ಮೂರು ವರ್ಷ ಮೂರು ಯಂತ್ರಗಳನ್ನು ಕೊಂದಿದ್ದೇನೆ.

ಮೊದಲನೆಯದು ಸತ್ತದ್ದು ನೀರಿನಿಂದ, ಎಣ್ಣೆಯಿಂದಲ್ಲ. ನಮ್ಮದು ಕೊಳವೆಬಾವಿ ನೀರು. ಬೆಂಗಳೂರಿನ ಈ ಭಾಗದಲ್ಲಿ ಬಕೆಟ್ಟಿನ ಒಳಗೂ ಬಿಳಿ ಪದರ ಕಟ್ಟುತ್ತದೆ. ಅದೇ ನೀರನ್ನು ಡಿಫ್ಯೂಸರ್‌ಗೆ ಸುರಿದರೆ ಟಿವಿಯ ಮೇಲೆ, ಪುಸ್ತಕದ ಕಪಾಟಿನ ಮೇಲೆ ಹಿಟ್ಟು ಜರಡಿ ಹಿಡಿದಂತೆ ಪುಡಿ. ಡಿಸ್ಕಿನ ಮೇಲೆ ಸುಣ್ಣ ಕಟ್ಟಿ ಆರು ತಿಂಗಳಲ್ಲಿ ಮಂಜು ನಿಂತಿತು. 1,400 ರೂಪಾಯಿ ಹೋಯಿತು. ಅಂದಿನಿಂದ ಆರ್.ಒ. ಫಿಲ್ಟರಿನ ನೀರು ಮಾತ್ರ.

ಎರಡನೆಯದಕ್ಕೆ ನಾನೇ ಕೊಲೆಗಾರ. ಲಾವಂಚ ಜೇನಿನಂತೆ ಮಂದ. ಡ್ರಾಪರ್ ತಲೆಕೆಳಗು ಮಾಡಿ ಒಂದು ಹನಿಗಾಗಿ ಕಾಯುತ್ತಾ ಕುಳಿತರೆ ಕಾಫಿ ಆರಿಹೋಗುತ್ತದೆ. ಅದರ ಭಾರವೂ ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ಕಿತ್ತಳೆ ಎಣ್ಣೆಯ ಹಾಗೆ ಮೇಲೆ ತೇಲಿ ಹರಡುವುದಿಲ್ಲ. ಅರ್ಧ ಮುಳುಗಿ, ತಳಕ್ಕೆ ಹೋಗಿ, ಡಿಸ್ಕಿನ ಮೇಲೆ ಗೋಂದಿನಂತೆ ಕೂರುತ್ತದೆ. ಇದಕ್ಕೆ ಪರಿಹಾರವೆಂದು ನಾನು ಮಾಡಿದ ಬುದ್ಧಿವಂತಿಕೆ ಕೇಳಿ: ಮೈಗೆ ಹಚ್ಚುವ ಎಣ್ಣೆಗಳಿಗೆ ಬೆರೆಸುವ, ವಾಸನೆಯಿಲ್ಲದ ತೆಳು ತೆಂಗಿನೆಣ್ಣೆಯಲ್ಲಿ ಅದನ್ನು ಕರಗಿಸಿದೆ. ಚೆನ್ನಾಗಿಯೇ ಕರಗಿತು. ಹರಿಯಿತು ಕೂಡ. ಎರಡು ವಾರಕ್ಕೆ ಯಂತ್ರದ ಒಳಗೆಲ್ಲ ಜಿಡ್ಡು, ಮೇಜಿನ ಮೇಲೂ ಜಿಡ್ಡು. ಡಿಸ್ಕನ್ನು ಸ್ಪಿರಿಟ್‌ನಲ್ಲಿ ಒರೆಸಿ ಒರೆಸಿ, ಕೊನೆಗೆ ಚಾಕುವಿನ ತುದಿಯಿಂದ ಕೆರೆದೆ. ಕೆರೆದದ್ದೇ ಕೊನೆ. ಗಾಳಿಗೆ ಹಾರಿಹೋಗದ ಎಣ್ಣೆಯನ್ನು, ಅದು ಎಷ್ಟೇ ತೆಳುವಾಗಿರಲಿ, ನೀರಿನ ಡಿಫ್ಯೂಸರ್‌ನ ಹತ್ತಿರ ತರಬೇಡಿ.

ಮೂರನೆಯದರ ಕಥೆ ಶ್ರೀಗಂಧದ ಕಥೆ, ದುಡ್ಡಿನ ಕಥೆಯೂ ಹೌದು. ಮೊದಲ ಮಹಾಯುದ್ಧದ ಹೊತ್ತಿಗೆ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನದಲ್ಲೇ ಎಣ್ಣೆ ತೆಗೆಯಲು ಶುರುಮಾಡಿದ ನಾಡಿನವರು ನಾವು. ಗಂಧ ಬಿಟ್ಟು ಬೇರೆಯದನ್ನು ಮಿಶ್ರಣದ ತಳಕ್ಕೆ, ಅಂದರೆ ಕೊನೆಯವರೆಗೆ ನಿಲ್ಲುವ ವಾಸನೆಗೆ, ಹಾಕುವುದೇ ಎಂಬ ಹಮ್ಮು ನನಗೂ ಇತ್ತು. ಒಂದು ಅಂಗಡಿಯಲ್ಲಿ 5 ಮಿಲಿಗೆ 900 ರೂಪಾಯಿ ಎಂದರು. ಆ ಬೆಲೆ ಕೇಳಿದಾಗಲೇ ಎದ್ದು ಬರಬೇಕಿತ್ತು. ಮನೆಗೆ ತಂದು ಒಂದು ಪಾಲು ಎಣ್ಣೆಗೆ ಐದು ಪಾಲು ಎಪ್ಪತ್ತು ಶೇಕಡಾ ಮದ್ಯಸಾರ ಬೆರೆಸಿದೆ. ಒಳ್ಳೆಯ ಗಂಧದೆಣ್ಣೆ ಅದರಲ್ಲಿ ತಿಳಿಯಾಗಿ ಕರಗಬೇಕು. ಇದು ಮಜ್ಜಿಗೆಯಾಯಿತು, ಸ್ವಲ್ಪ ಹೊತ್ತಿಗೆ ತಳದಲ್ಲಿ ಒಂದು ದಪ್ಪ ಗುಳ್ಳೆ ಕೂತಿತು. ಹರಳೆಣ್ಣೆ ಎಂದು ನನ್ನ ಗುಮಾನಿ. ಮರಳಿ ಒಯ್ದರೆ, ಮುಚ್ಚಳ ತೆರೆದಿದ್ದೀರಿ ಎಂದರು. ತೆರೆಯದೆ ಪರೀಕ್ಷಿಸುವುದು ಹೇಗೆಂದು ಅವರು ಹೇಳಲಿಲ್ಲ.

ಆಮೇಲೆ ಹಟಕ್ಕೆ ಬಿದ್ದು, ನಂಬಿಕೆಯ ಜಾಗದಿಂದ ಅಸಲಿ ಎಣ್ಣೆಯನ್ನೇ ತಂದೆ. ಅದೇ 5 ಮಿಲಿಗೆ ಎರಡು ಸಾವಿರದ ಹತ್ತಿರ. ಪರೀಕ್ಷೆಯಲ್ಲಿ ಗೆದ್ದಿತು. ಡಿಫ್ಯೂಸರ್‌ನಲ್ಲಿ ಸೋತಿತು. ನಾಲ್ಕು ಹನಿ ಹಾಕಿದೆ, ಆರು ಹಾಕಿದೆ. ಪಕ್ಕದಲ್ಲಿ ಕುಳಿತರೆ ಹಾಲು ಕಾಯಿಸಿದಂಥ ಒಂದು ಮೃದು ವಾಸನೆ, ಮೂರಡಿ ದೂರ ಹೋದರೆ ಏನೂ ಇಲ್ಲ. ಶ್ರೀಗಂಧ ನಿಧಾನದ ಎಣ್ಣೆ. ಮೈ ಶಾಖಕ್ಕೆ, ಬತ್ತಿಯ ಬೆಂಕಿಗೆ ಏಳುತ್ತದೆ. ತಣ್ಣನೆಯ ಮಂಜಿನಲ್ಲಿ ಎತ್ತಿಹಾಕಿದರೆ ಕೋಣೆ ತುಂಬುವ ಅವಸರ ಅದಕ್ಕಿಲ್ಲ. ನೂರು ರೂಪಾಯಿ ನೋಟುಗಳನ್ನು ನೀರಿನಲ್ಲಿ ನೆನೆಸಿದ ಹಾಗೆ ಆಯಿತು. ಮಿಕ್ಕ ಮೂರು ಮಿಲಿಯನ್ನು ಹೆಂಡತಿ ತನ್ನ ರೇಷ್ಮೆ ಸೀರೆಗಳ ಕಪಾಟಿಗೆ ಒಂದು ಹತ್ತಿಯ ಉಂಡೆಯಲ್ಲಿ ಇಟ್ಟಿದ್ದಾಳೆ. ಅಲ್ಲಿ ಅದು ವರ್ಷ ದಾಟಿದರೂ ಕೆಲಸ ಮಾಡುತ್ತಿದೆ. ಗಂಧ ಡಿಫ್ಯೂಸರ್‌ಗಲ್ಲ ಎಂಬುದು ನನ್ನ ತೀರ್ಮಾನ. ಬೈಯುವವರು ಬೈಯಲಿ.

ಲಾವಂಚ ಹಾಗಲ್ಲ. ಸ್ವಲ್ಪವೇ ಹೋದರೂ ದೂರ ಹೋಗುತ್ತದೆ. ತೊಂದರೆಯೆಂದರೆ ಆ ಸ್ವಲ್ಪವನ್ನು ಅಳೆಯುವುದು. ಹನಿ ಎಂಬ ಲೆಕ್ಕವೇ ಸುಳ್ಳು. ಒಂದು ಸಂಜೆ ಕೂತು, ಚಿನ್ನ ತೂಗುವ ಬಗೆಯ 450 ರೂಪಾಯಿಯ ಪುಟ್ಟ ತಕ್ಕಡಿಯಲ್ಲಿ ಎಲ್ಲ ಎಣ್ಣೆಗಳ ಇಪ್ಪತ್ತಿಪ್ಪತ್ತು ಹನಿ ತೂಗಿದೆ. ಕಿತ್ತಳೆಯ ಹನಿಗೂ ಲಾವಂಚದ ಹನಿಗೂ ಸುಮಾರು ಒಂದೂವರೆ ಪಟ್ಟು ವ್ಯತ್ಯಾಸ. ಡ್ರಾಪರ್ ಬದಲಿಸಿದರೆ ಅದೂ ಬದಲು. "ಎರಡು ಹನಿ ಲಾವಂಚ, ಆರು ಹನಿ ಕಿತ್ತಳೆ" ಎಂದು ಯಾರಾದರೂ ಹೇಳಿದರೆ ಈಗ ನನಗೆ ನಗು ಬರುತ್ತದೆ. ಆ ತಕ್ಕಡಿಯೇ ನನ್ನ ಅತ್ಯಂತ ಲಾಭದ ಖರೀದಿ.

ಕೊನೆಗೆ ದಾರಿ ತೋರಿಸಿದ್ದು ಅಡುಗೆಮನೆ. ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಯಾರೂ ಒಂದು ಸೇರು ಮೊಸರು ಸುರಿಯುವುದಿಲ್ಲ. ಒಂದು ಚಮಚ ಕದಡಿ, ಬಿಟ್ಟು, ಮಲಗುತ್ತಾರೆ. ಲಾವಂಚವನ್ನೂ ನೇರವಾಗಿ ಯಂತ್ರಕ್ಕೆ ಹಾಕದೆ, ಮೊದಲೇ ತೆಳುವಾದ ಇನ್ನೊಂದು ಸುಗಂಧ ತೈಲದಲ್ಲಿ ಕದಡಿಟ್ಟರೆ? ಗಾಳಿಗೆ ಹಾರಿಹೋಗುವ ತೈಲವಾದ್ದರಿಂದ ಜಿಡ್ಡಿನ ಭಯವಿಲ್ಲ. ನೀಲಗಿರಿ ನೋಡಿದೆ, ಕರಗಿಸುತ್ತದೆ, ಆದರೆ ಇಡೀ ಮನೆ ನೆಗಡಿ ವಾರ್ಡ್ ಆಗುತ್ತದೆ. ದೇವದಾರು ನೋಡಿದೆ, ಪೆನ್ಸಿಲ್ ಕೆತ್ತಿದ ವಾಸನೆ ಲಾವಂಚವನ್ನೇ ನುಂಗಿತು. ಸರಿಹೊಂದಿದ್ದು ಪಾಮರೋಸಾ. ಹುಲ್ಲಿನಿಂದ ಬಂದರೂ ಗುಲಾಬಿಯ ನಂಟು, ನೀರಿನಂತೆ ತೆಳು, ಬೆಲೆಯೂ ಕೈಗೆಟುಕುವಂಥದ್ದು.

ನನ್ನ ಹೆಪ್ಪು ಹೀಗೆ: ಲಾವಂಚ 2 ಗ್ರಾಂ, ಪಾಮರೋಸಾ 7 ಗ್ರಾಂ, ದವನ ಅರ್ಧ ಗ್ರಾಂಗಿಂತ ತುಸು ಹೆಚ್ಚು. ಲಾವಂಚದ ಶೀಶೆಯನ್ನು ಮೊದಲು ಬಿಸಿನೀರಿನ ಬಟ್ಟಲಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಸುರಿಯಲು ಸಲೀಸು. ಕಂದು ಗಾಜಿನ ಶೀಶೆಗೆ ಹಾಕಿ, ಕತ್ತು ಮುಟ್ಟುವಷ್ಟು ತುಂಬಿ, ಅಕ್ಕಿ ಡಬ್ಬದ ಹಿಂದಿನ ಕತ್ತಲಲ್ಲಿ ಮೂರು ವಾರ. ನಾಲ್ಕನೆಯ ದಿನ ಮೂಸಿ ನೋಡಿ ಗಾಬರಿಯಾಗಬೇಡಿ, ಹಸಿ ಬೇರು, ಹಸಿ ಮಣ್ಣು, ಮೇಲೊಂದು ಸಾಬೂನು, ಮೂರೂ ಬೇರೆಬೇರೆಯಾಗಿಯೇ ಹೊಡೆಯುತ್ತವೆ. ನಾನು ಮೊದಲ ಬಾರಿ ಆ ಹಂತದಲ್ಲೇ ಚೆಲ್ಲಿಬಿಟ್ಟೆ. ಎರಡನೆಯ ಬಾರಿ ಚೆಲ್ಲದಿದ್ದದ್ದು ಜಾಣತನದಿಂದಲ್ಲ. ಊರಿಗೆ ಹೋಗಿದ್ದೆ, ಶೀಶೆ ಮರೆತಿತ್ತು. ನಮ್ಮೂರು ಸಾಗರದಿಂದ ಮರಳಿ ಬಂದು ಮುಚ್ಚಳ ತೆಗೆದರೆ, ಬೇಸಿಗೆಯಲ್ಲಿ ನಮ್ಮಜ್ಜಿ ಮಡಕೆಯಿಂದ ಮೊಗೆದುಕೊಡುತ್ತಿದ್ದ ನೀರು.

ಡಿಫ್ಯೂಸರ್‌ಗೆ ಹಾಕುವ ಮಿಶ್ರಣದಲ್ಲಿ ಈ ಹೆಪ್ಪು ಐದರಲ್ಲೊಂದು ಪಾಲು, ಆರರಲ್ಲೊಂದಾದರೂ ನಡೆದೀತು. ದೊಡ್ಡ ಪಾಲು ಸಿಹಿ ಕಿತ್ತಳೆ, ಹತ್ತರಲ್ಲಿ ಆರು. ನಿಂಬೆಹುಲ್ಲು ಆ ಹತ್ತು ಪಾಲಿನಲ್ಲಿ ಒಂದರ ಕಾಲೂ ಬೇಡ. ಅದರ ದನಿ ಮದುವೆ ಮನೆಯ ಮೈಕಿನಂತೆ, ಒಮ್ಮೆ ಹಚ್ಚಿದರೆ ಬೇರೆಯವರ ಮಾತು ಕೇಳಿಸುವುದಿಲ್ಲ. ಏಲಕ್ಕಿ ಚೂರು. ಉಳಿದ ಎರಡು ವಸ್ತುಗಳನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಎರಡೂ ಚಿಕ್ಕಪೇಟೆಯಲ್ಲಿ ಸಿಗುತ್ತವೆ, ಒಂದು ಅಡುಗೆಮನೆಯಲ್ಲೂ ಇದೆ, ಇಷ್ಟು ಸಾಕು. ಕಿತ್ತಳೆಯನ್ನು ಮಾತ್ರ ಬಳಸುವ ವಾರದಲ್ಲೇ ಸೇರಿಸಿ. ಅದು ಗಾಳಿ ತಾಗಿ ಬೇಗ ಹಳಸುತ್ತದೆ, ಹಳಸಿದ್ದು ಮೈಗೆ ತಾಗಿದರೆ ತುರಿಕೆಯೂ ಬರಬಹುದು. ಹೆಪ್ಪು ಹಳೆಯದಿರಬೇಕು, ಕಿತ್ತಳೆ ಹೊಸದಿರಬೇಕು.

ಯಂತ್ರಕ್ಕೆ ಐದು ಹನಿ, 200 ಮಿಲಿ ನೀರಿಗೆ. (ಹನಿಯ ಲೆಕ್ಕಕ್ಕೆ ಬೈದವನೇ ಹನಿ ಎನ್ನುತ್ತಿದ್ದೇನೆ. ಬೆರೆಸಿದ ಮೇಲೆ ಪರವಾಗಿಲ್ಲ, ಒಂದೇ ಶೀಶೆ, ಒಂದೇ ಡ್ರಾಪರ್.) ಇಪ್ಪತ್ತು ನಿಮಿಷ ಓಡಿಸಿ ಒಂದು ಗಂಟೆ ನಿಲ್ಲಿಸುತ್ತೇನೆ. ಬಿಡದೆ ಓಡಿಸಿದರೆ ಮೂಗು ಒಗ್ಗಿಕೊಂಡು, ವಾಸನೆಯೇ ಇಲ್ಲವೆಂದು ಮತ್ತೆ ಐದು ಹನಿ ಹಾಕುತ್ತೀರಿ, ರಾತ್ರಿ ತಲೆನೋವು. ನನ್ನ ಪರೀಕ್ಷೆಯೆಂದರೆ ಕೆಳಗಿಳಿದು ಹಾಲು ತರುವುದು. ಮರಳಿ ಬಾಗಿಲು ತೆರೆದಾಗ ಮೊದಲ ಉಸಿರಿಗೆ ಏನು ಸಿಕ್ಕಿತೋ ಅದೇ ನಿಜ. ಏಪ್ರಿಲ್‌ನಲ್ಲಿ ಒಂದು ಹನಿ ಹೆಚ್ಚು ಬೇಕಾಗುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ್ದರೆ ಮೂರೇ ಸಾಕು.

ಪಕ್ಕದ ಮನೆಯ ಬೆಕ್ಕು ನಮ್ಮಲ್ಲಿಗೂ ಬರುತ್ತದೆ. ಹಿಂದೊಮ್ಮೆ ಸೊಳ್ಳೆಗೆಂದು ಟೀ ಟ್ರೀ ಎಣ್ಣೆ ಹಾಕಿದ್ದಾಗ ಅದು ಜೊಲ್ಲು ಸುರಿಸುತ್ತಾ ಸೋಫಾ ಕೆಳಗೆ ಕೂತುಬಿಟ್ಟಿತು. ಈ ಎಣ್ಣೆಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ ಎಂದು ಪಶುವೈದ್ಯರು ಬೈದ ಮೇಲೆ, ಬೆಕ್ಕು ಬಂದರೆ ಯಂತ್ರ ಬಂದ್, ಕಿಟಕಿ ತೆರೆ. ತಂಗಿಯ ಮಗು ಬಂದಾಗಲೂ ಅಷ್ಟೇ. ಕರ್ಪೂರ, ನೀಲಗಿರಿಯಂತೂ ಎಳೆ ಮಕ್ಕಳಿರುವ ಕೋಣೆಗೆ ಬೇಡವೇ ಬೇಡ.

ನಡುವೆ ದಾರಿ ತಪ್ಪಿದ್ದೂ ಉಂಟು. ಮಲ್ಲಿಗೆಯ ಅಬ್ಸಲ್ಯೂಟ್ (ಹೂವಿನ ಗಟ್ಟಿ ಸತ್ವ) 2 ಮಿಲಿ ತಂದೆ, ಸಾವಿರಕ್ಕೆ ಹತ್ತಿರ. ಮಂದವಾದ, ಅಂಟುವ ವಸ್ತು, ಡಿಸ್ಕಿನ ಮೇಲೆ ಪೊರೆ ಕಟ್ಟಿತು. ಮೂರನೆಯ ಯಂತ್ರ ಹೋದದ್ದು ಹೀಗೆ, ಗಂಧದ ಜೊತೆ ಇದನ್ನೂ ಬೆರೆಸಿದ್ದೆ. ಈಗ ಮಲ್ಲಿಗೆ ಬೇಕೆನಿಸಿದರೆ ಮೂಲೆಯ ಹೂವಿನಾಕೆಯಿಂದ ಒಂದು ಮೊಳ ತಂದು ಯಂತ್ರದ ಕೊರಳಿಗೆ ಸುತ್ತುತ್ತೇನೆ. ಉತ್ತರ ಪ್ರದೇಶದ ಕನೌಜಿನ ಮಣ್ಣಿನ ಅತ್ತರನ್ನೂ ಹಾಕಿ ನೋಡಿದೆ, ಮೊದಲ ಮಳೆ ಬೀಳಿಸುವ ಆಸೆಯಿಂದ. ಸುಟ್ಟ ಮಣ್ಣಿನ ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿಯುವ ಅತ್ತರು ಅದು. ಅಂಗೈಯಲ್ಲಿ ಮಳೆ ಬಂತು, ಯಂತ್ರದಲ್ಲಿ ಮೋಡವೂ ಕಟ್ಟಲಿಲ್ಲ.

ದವನದ್ದು ಇನ್ನೊಂದು ಹುಚ್ಚು. ದವನದ ಹುಣ್ಣಿಮೆಯ ಹೊತ್ತಿಗೆ ಕೆ.ಆರ್. ಮಾರುಕಟ್ಟೆಯಿಂದ ಎರಡು ಕೆ.ಜಿ. ಹಸಿ ದವನ ಹೊತ್ತು ತಂದು, ಪ್ರೆಷರ್ ಕುಕ್ಕರಿನ ಸೀಟಿ ತೆಗೆದು, ಅಲ್ಲಿಗೆ ಕೊಳವೆ ಸಿಕ್ಕಿಸಿ, ಬಕೆಟ್ಟಿನ ಐಸ್ ನೀರಿನಲ್ಲಿ ಸುರುಳಿ ಮುಳುಗಿಸಿ ಭಟ್ಟಿ ಇಳಿಸಿದೆ. ನಾಲ್ಕು ಗಂಟೆ ಗ್ಯಾಸ್ ಉರಿದ ಮೇಲೆ ಬಂದದ್ದು ಒಂದು ಬಾಟಲಿ ಪರಿಮಳದ ನೀರು, ಅದರ ಮೇಲೆ ಹೆಚ್ಚೆಂದರೆ ಹದಿನೈದು ಹನಿ ಎಣ್ಣೆ. ಅಂಗಡಿಯ ದವನಕ್ಕೆ ಒಣದ್ರಾಕ್ಷಿಯ ಸಿಹಿ ಇದ್ದರೆ, ನನ್ನದಕ್ಕೆ ಬೆಂದ ಸೊಪ್ಪಿನ ವಾಸನೆ. ಮುಂದಿನ ಒಂದು ತಿಂಗಳು ನಮ್ಮ ಮನೆಯ ಸಾರು ದೇವರ ಉತ್ಸವದಂತೆ ಘಮಘಮಿಸಿತು. ಗ್ಯಾಸ್ಕೆಟ್ ಬದಲಿಸಿದ 180 ರೂಪಾಯಿಯನ್ನೂ ಹೆಂಡತಿ ನನ್ನ ಲೆಕ್ಕಕ್ಕೇ ಬರೆದಿದ್ದಾಳೆ.

ಆ ಲೆಕ್ಕ ಒಟ್ಟು ಇಪ್ಪತ್ತೆರಡು ಸಾವಿರ ದಾಟಿದೆ, ಸತ್ತ ಯಂತ್ರಗಳೂ ಸೇರಿ. ಆದರೆ ಈಗಿನ 10 ಗ್ರಾಂ ಬಾಟಲಿಗೆ ಶೀಶೆಯೂ ಸೇರಿ ನೂರಿಪ್ಪತ್ತರ ಆಸುಪಾಸು ತಗಲುತ್ತದೆ. ಒಂದು ತಿಂಗಳು ಆರಾಮಾಗಿ ಬರುತ್ತದೆ. ಕಟ್ಟಡದವರಿಗೆ, ಕಚೇರಿಯವರಿಗೆ ಇದುವರೆಗೆ ಇಪ್ಪತ್ತಕ್ಕೂ ಹೆಚ್ಚು ಕೊಟ್ಟಿದ್ದೇನೆ, 350ರಂತೆ. ಚಿಕ್ಕಪೇಟೆಯ ಹಿರಿಯರಿಗೂ ಒಂದು ಒಯ್ದೆ. ಬ್ಲಾಟರ್ ಕಾಗದದ ಮೇಲೆ ಹನಿಸಿ, ಮೂಸಿ, ಜೇಬಿಗಿಟ್ಟುಕೊಂಡು, ಲಾವಂಚದ ಬೆಲೆಯನ್ನು ಐವತ್ತು ರೂಪಾಯಿ ಏರಿಸಿದರು.

ಮೊನ್ನೆ ಷಡ್ಡಕ ಬಂದಿದ್ದ. ಪೈಪಿನ ವಿಷಯ ಎತ್ತಲಿಲ್ಲ. ಹೊರಡುವಾಗ, ಮಿಶ್ರಣ ಬೇಡ, ಆ ಹೆಪ್ಪು ಒಂದಿಷ್ಟು ಕೊಡು, ಉಳಿದದ್ದು ನಾನೇ ಮಾಡಿಕೊಳ್ಳುತ್ತೇನೆ ಎಂದ. ಬೆಲೆ ಹೇಳಿದೆ. "ಹೆಪ್ಪಿಗೂ ಯಾರಾದರೂ ದುಡ್ಡು ತೆಗೆದುಕೊಳ್ಳುತ್ತಾರಾ?" ಎಂದು ಕೇಳಿದ. ಒಳಗೆ ಹೋಗಿ ಒಂದು ಬಟ್ಟಲು ಮೊಸರು ತಂದುಕೊಟ್ಟೆ.